ಲಾರಿ ಬೇಕರ್ ಗೋಡೆ, ಜಾಲಿ, ಹಂಚಿನ ಸ್ಲ್ಯಾಬ್: ನಕಲು ಮಾಡಿದಾಗ ಕೆಡುವುದು ಎಲ್ಲಿ?

ಗಾರೆಗುರು
ಎಪ್ಪತ್ತರ ದಶಕದಿಂದ ಈಚೆಗೆ ದಕ್ಷಿಣ ಭಾರತದಲ್ಲಿ ಕೆಲಸ ಮಾಡಿದ ವಾಸ್ತುಶಿಲ್ಪಿಗಳಲ್ಲಿ ಸಾಮಾನ್ಯ ಮನೆ ಕಟ್ಟುವವರು ಅತಿ ಹೆಚ್ಚು ನಕಲು ಮಾಡಿದ್ದು ಲಾರಿ ಬೇಕರ್ ಅವರನ್ನೇ ಅನ್ನಿಸುತ್ತದೆ. ಬರ್ಮಿಂಗ್‌ಹ್ಯಾಮ್‌ನಲ್ಲಿ 1917ರಲ್ಲಿ ಹುಟ್ಟಿ, 1945ರಲ್ಲಿ ಕುಷ್ಠರೋಗಿಗಳ ಆಸ್ಪತ್ರೆಗಳ ಕೆಲಸಕ್ಕೆಂದು ಇಲ್ಲಿಗೆ ಬಂದು, 2007ರಲ್ಲಿ ತಿರುವನಂತಪುರದಲ್ಲೇ ತೀರಿಕೊಂಡವರು. ಅರ್ಥಶಾಸ್ತ್ರಜ್ಞ ಕೆ.ಎನ್. ರಾಜ್ ಎಪ್ಪತ್ತರ ದಶಕದ ಶುರುವಿನಲ್ಲಿ ಸ್ಥಾಪಿಸಿದ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್‌ಗೆ ಅಲ್ಲಿನ ಉಳ್ಳೂರಿನಲ್ಲಿ ಕಟ್ಟಿಕೊಟ್ಟ ಆವರಣ ಅವರ ಕೆಲಸಗಳಲ್ಲಿ ಮುಖ್ಯವಾದದ್ದು. ಗಿಲಾವು ಕಾಣದ ಇಟ್ಟಿಗೆ, ಮರ ಉಳಿಸಲು ಬಳಸಿ ಹೋಗುವ ಗೋಡೆ, ಕಿಟಕಿಯ ಬದಲು ಜಾಲಿ, ಅಂದರೆ ತೂತು ಬಿಟ್ಟು ಕಟ್ಟಿದ ಇಟ್ಟಿಗೆ ಗೋಡೆ.

ನಮ್ಮ ಕಡೆ ಇದನ್ನು ನೋಡಿ ಕಟ್ಟಿಸಿದ ಮನೆಗಳಲ್ಲಿ ಅರ್ಧಕ್ಕರ್ಧ ಹತ್ತು ವರ್ಷದೊಳಗೆ ಹೊರಗೋಡೆಗೆ ಗಿಲಾವು ಹೊಡೆಸಿಕೊಂಡು ಕೂತಿವೆ. ವಿಧಾನದ್ದೇ ತಪ್ಪು ಅಂತ ಎಲ್ಲರೂ ಹೇಳುತ್ತಾರೆ. ನನ್ನ ವಾದ ಬೇರೆ: ಬೇಕರ್ ಮಾಡುತ್ತಿದ್ದ ಉಳಿತಾಯ ನಕ್ಷೆಯ ಹಂತದಲ್ಲೇ ಆಗುತ್ತಿತ್ತು. ಇಲ್ಲಿ ನಕ್ಷೆ ಮಾಮೂಲಿ ಮನೆಯದ್ದು, ಗೋಡೆ ಮಾತ್ರ ಬೇಕರ್ ಅವರದ್ದು. ಅಲ್ಲೇ ಎಡವಟ್ಟು. ಕೆಲಸ ಬಲ್ಲವರು ವಿವರವಾಗಿ ಬರೆಯಿರಿ. "ಪರಿಸರಸ್ನೇಹಿ, ಸುಂದರ" ಅನ್ನುವ ಮಾತು ಬೇಡ, ಅದು ಬೇಕಾದಷ್ಟು ಸಿಗುತ್ತದೆ.

ತೂಗುಗುಂಡು
ರ್ಯಾಟ್ ಟ್ರ್ಯಾಪ್ ಬಾಂಡ್‌ನಿಂದ ಶುರು ಮಾಡೋಣ. ಗೋಡೆಯೊಳಗೆ ಪೊಳ್ಳು ಬಿಟ್ಟು ಇಟ್ಟಿಗೆ ಜೋಡಿಸುವ ಇಂಗ್ಲೆಂಡಿನ ಹಳೆಯ ಕಟ್ಟು, ಕೇರಳದಲ್ಲಿ ಹರಡಿದವರು ಬೇಕರ್.

230 × 110 × 75 ಮಿ.ಮೀ. ಇಟ್ಟಿಗೆ ಇಟ್ಟುಕೊಳ್ಳಿ, ಗಾರೆ ಸಂದು 10 ಮಿ.ಮೀ. ಮಾಮೂಲಿ ಗೋಡೆಯಲ್ಲಿ ಇಟ್ಟಿಗೆ ಮಲಗಿರುತ್ತದೆ, ಇಲ್ಲಿ ಅಂಚಿನ ಮೇಲೆ ನಿಲ್ಲುತ್ತದೆ. ಹೊರಮುಖಕ್ಕೊಂದು ಒಳಮುಖಕ್ಕೊಂದು ಉದ್ದುದ್ದ ನಿಂತ ಇಟ್ಟಿಗೆ, ಪಕ್ಕದಲ್ಲಿ ಗೋಡೆಯ ಅಗಲಕ್ಕೆ ಅಡ್ಡ ನಿಂತ ಒಂದು ಇಟ್ಟಿಗೆ, ಮತ್ತೆ ಜೋಡಿ, ಮತ್ತೆ ಅಡ್ಡ. ಜೋಡಿಯ ನಡುವೆ 80 ಮಿ.ಮೀ. ಪೊಳ್ಳು ಉಳಿಯುತ್ತದೆ. ಗೋಡೆಯ ದಪ್ಪ ಅದೇ ಒಂಬತ್ತಿಂಚು.

ಈಗ ಲೆಕ್ಕ. ಒಂದು ಜೋಡಿ, ಒಂದು ಅಡ್ಡ ಸೇರಿದರೆ ಉದ್ದ 230+10+75+10, ಅಂದರೆ 325 ಮಿ.ಮೀ. ವರಸೆಯ, ಅಂದರೆ ಗಾರೆ ಸೇರಿ ಒಂದು ಸಾಲು ಇಟ್ಟಿಗೆಯ, ಎತ್ತರ 120. ಅಷ್ಟರಲ್ಲಿ ಮೂರು ಇಟ್ಟಿಗೆ. ಚದರ ಮೀಟರಿಗೆ 77 ಬರುತ್ತದೆ. ಮಲಗಿಸಿ ಕಟ್ಟಿದರೆ 98. ಉಳಿತಾಯ ಶೇ. 21ರಿಂದ 22. ಎಲ್ಲರೂ ಹೇಳುವ 25 ಇಟ್ಟಿಗೆಯ ಅಳತೆಯ ಮೇಲೆ ನಿಂತಿದೆ. ತೆಳು ಇಟ್ಟಿಗೆಯಾದರೆ ಹೆಚ್ಚು, ದಪ್ಪದ್ದಾದರೆ ಕಡಿಮೆ. ಗಾರೆ ಮಾತ್ರ ನಿಜಕ್ಕೂ ಅರ್ಧವಾಗುತ್ತದೆ: ಚದರ ಮೀಟರಿಗೆ 0.044 ಘನ ಮೀಟರ್ ಇದ್ದದ್ದು 0.022ಕ್ಕೆ ಇಳಿಯುತ್ತದೆ. 150 ಚದರ ಮೀಟರ್ ಗೋಡೆಗೆ ಮೂರು ಸಾವಿರಕ್ಕೂ ಹೆಚ್ಚು ಇಟ್ಟಿಗೆ ಮತ್ತು 1:6 ಗಾರೆಯಾದರೆ (ಒಂದು ಪಾಲು ಸಿಮೆಂಟ್, ಆರು ಪಾಲು ಮರಳು) ಸುಮಾರು 16 ಚೀಲ ಸಿಮೆಂಟ್ ಉಳಿಯಬೇಕು.

ಉಳಿಯಬೇಕು ಅಂದೆ, ಉಳಿಯುತ್ತದೆ ಅನ್ನಲಿಲ್ಲ. ಮೇಸ್ತ್ರಿ ಅಭ್ಯಾಸಬಲದಿಂದ ಗೋಡೆಯ ಪೂರ್ತಿ ಅಗಲಕ್ಕೂ ಗಾರೆ ಸುರಿದು ಕರಣೆಯಲ್ಲಿ ಎಳೆಯುತ್ತಾನೆ. ಅರ್ಧ ಗಾರೆ ಪೊಳ್ಳಿಗೆ ಬೀಳುತ್ತದೆ. ಸಿಮೆಂಟೂ ಹೋಯಿತು, ಒಳಗೆ ಬಿದ್ದ ಗಾರೆ ಎರಡು ಮುಖಕ್ಕೂ ಸೇತುವೆಯಾಗಿ ಹೊರಗಿನ ನೀರನ್ನು ಒಳಕ್ಕೆ ಸಾಗಿಸುತ್ತದೆ. ಮದ್ದು ಸುಲಭ: 75 ಮಿ.ಮೀ. ಅಗಲದ ಮರದ ಪಟ್ಟಿಯನ್ನು ಪೊಳ್ಳಿನ ಮೇಲೆ ಅಡ್ಡ ಇಟ್ಟಿಗೆಗಳ ನಡುವೆ ಕೂರಿಸಿ, ಎರಡು ಅಂಚಿಗೆ ಗಾರೆ ಹಾಕಿ, ಪಟ್ಟಿ ಎತ್ತಿಕೊಂಡು ಮುಂದಕ್ಕೆ ಸರಿಯುವುದು. ಪಟ್ಟಿಗೆ ಎರಡು ತುದಿಯಲ್ಲಿ ಮೊಳೆ ಹೊಡೆದರೆ ಒಳಗೆ ಬೀಳುವುದಿಲ್ಲ.

ಇಟ್ಟಿಗೆಗೂಡು
ಮೇಲಿನವರು ಬಿಟ್ಟ ಒಂದು ವಿಷಯ. ಮಾಮೂಲಿ ಕಟ್ಟಿನಲ್ಲಿ ಕಾಣುವುದು ಇಟ್ಟಿಗೆಯ 230 × 75ರ ಪಕ್ಕೆ. ರ್ಯಾಟ್ ಟ್ರ್ಯಾಪ್‌ನಲ್ಲಿ ಕಾಣುವುದು 230 × 110ರ ಮುಖ, ಅಂದರೆ ಗೂಡಿನವನು ಯಾವತ್ತೂ ಲೆಕ್ಕಕ್ಕೇ ಇಟ್ಟುಕೊಳ್ಳದ ಮುಖ. ಒಂದು ಬದಿಯಲ್ಲಿ ಅಚ್ಚಿನ ಗುಳಿ, ಇನ್ನೊಂದು ಬದಿಯಲ್ಲಿ ಒಣಹಾಕಿದ ನೆಲದ ಮರಳು, ಹುಲ್ಲಿನ ಗುರುತು. ಗುಳಿಯಿದ್ದ ಮುಖವನ್ನು ಪೊಳ್ಳಿನ ಕಡೆ ತಿರುಗಿಸಬೇಕು. ಉಳಿದ ಮುಖ ಚೆನ್ನಾಗಿದೆಯೋ ಇಲ್ಲವೋ ಎಂದು ಲೋಡು ಇಳಿಸಿಕೊಳ್ಳುವ ಮುಂಚೆ ನೋಡಬೇಕು, ಆಮೇಲೆ ನೋಡಿ ಪ್ರಯೋಜನವಿಲ್ಲ.

ಇನ್ನೊಂದು, 110 ಅನ್ನುವುದು ಇಲ್ಲಿ ವರಸೆಯ ಎತ್ತರ. ಮೇಜಿನ ಮೇಲೆ ಕೈಯಲ್ಲಿ ಅಚ್ಚು ಹಾಕಿದ ಇಟ್ಟಿಗೆಯಲ್ಲಿ ಒಂದು 104, ಪಕ್ಕದ್ದು 113 ಇರುವುದು ಮಾಮೂಲು. ಮಲಗಿಸಿ ಕಟ್ಟಿದಾಗ ಈ ವ್ಯತ್ಯಾಸ ಗೋಡೆಯ ಒಳಗೆ ಮುಚ್ಚಿಹೋಗುತ್ತದೆ. ಇಲ್ಲಿ ಪ್ರತಿ ವರಸೆಯೂ ಸೊಟ್ಟ. ಹತ್ತು ಇಟ್ಟಿಗೆ ಅಂಚಿನ ಮೇಲೆ ಸಾಲಾಗಿ ನಿಲ್ಲಿಸಿ ಮೇಲೆ ಮಟ್ಟಗೋಲು ಇಡಿ. ಗೋಲಿನಡಿ ಐದು ಮಿ.ಮೀ.ಗಿಂತ ಹೆಚ್ಚು ಸಂದು ಕಂಡರೆ ಆ ಗೂಡಿನ ಇಟ್ಟಿಗೆ ಬೇಡ. ಬಡಿದರೆ ಕಣಕಣ ಅನ್ನಬೇಕು. ಒಂದು ದಿನ ನೀರಿನಲ್ಲಿ ಮುಳುಗಿಸಿ ತೂಗಿದರೆ ಹೀರಿದ ನೀರು ಒಣತೂಕದ ಶೇ. 20 ದಾಟಬಾರದು, ಇಟ್ಟಿಗೆಯ ಭಾರತೀಯ ಮಾನಕ ಐಎಸ್ 1077 ಹೇಳುವುದೂ ಅದನ್ನೇ. ಗಿಲಾವಿಲ್ಲದ ಗೋಡೆಗಾದರೆ 15ರೊಳಗೆ ಇರಲಿ ಎಂಬುದು ನನ್ನ ಹಟ.

ಸಜ್ಜ
ವಯರಿಂಗ್ ಹೇಗೆ? ಗಿಲಾವಿಲ್ಲದ ಗೋಡೆಯನ್ನು ಆಮೇಲೆ ಕೊರೆದರೆ ಅಸಹ್ಯವಾಗುತ್ತದಲ್ಲ?

ತೂಗುಗುಂಡು
ಆಮೇಲೆ ಕೊರೆಯುವಂತೆಯೇ ಇಲ್ಲ. 75 ಮಿ.ಮೀ. ಇಟ್ಟಿಗೆಗೆ ಚೇಸ್ ಕಟರ್ ಹಾಕಿದರೆ ಉಳಿಯುವುದು ಏನು? ಪೈಪು ಪೊಳ್ಳಿನಲ್ಲೇ ಮೇಲೇರಬೇಕು. ಆದರೆ ಒಂದು ವರಸೆಯ ಪೊಳ್ಳು ಮೇಲಿನ ವರಸೆಯ ಪೊಳ್ಳಿಗೆ ಪೂರ್ತಿ ನೇರವಾಗಿ ಬರುವುದಿಲ್ಲ, ಯಾಕೆಂದರೆ ಅಡ್ಡ ಇಟ್ಟಿಗೆ ಕೆಳಗಿನ ಜೋಡಿಯ ನಡುಮಧ್ಯಕ್ಕೆ ಕೂರಬೇಕು. ಆ ಅಡ್ಡ ಇಟ್ಟಿಗೆಯ ಎರಡೂ ಪಕ್ಕ 75 ಮಿ.ಮೀ.ಯಷ್ಟು ಜಾಗ ಮಾತ್ರ ತಳದಿಂದ ತುದಿಯವರೆಗೆ ತೆರೆದಿರುತ್ತದೆ. 25 ಮಿ.ಮೀ. ಪೈಪು ಆರಾಮಾಗಿ ಹೋಗುತ್ತದೆ. ಎಲೆಕ್ಟ್ರಿಷಿಯನ್ ನಕ್ಷೆ ಪಾಯದ ಹೊತ್ತಿಗೆ ಕೈಯಲ್ಲಿರಬೇಕು, ಸ್ವಿಚ್ ಪೆಟ್ಟಿಗೆ ಬರುವ ವರಸೆಯ ಸಂಖ್ಯೆ ಗುರುತಾಗಿರಬೇಕು. ನೀರಿನ ಪೈಪು ಮಾತ್ರ ಪೊಳ್ಳಿಗೆ ಇಳಿಸಬೇಡಿ. ಒಮ್ಮೆ ಸೋರಿದರೆ ಎಲ್ಲಿಂದ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಬಚ್ಚಲಿನ ಗೋಡೆ ಗಟ್ಟಿಯಾಗಿಯೇ ಇರಲಿ, ಹೇಗೂ ಟೈಲ್ಸ್ ಬರುತ್ತದೆ.

ಗಟ್ಟಿ ಕಟ್ಟಬೇಕಾದ ಬೇರೆ ಜಾಗಗಳೂ ಇವೆ. ಪಾಯದ ಮೇಲಿನ ಮೊದಲ ವರಸೆ, ಕಿಟಕಿಯ ತಳ, ಬಾಗಿಲು ಕಿಟಕಿಯ ಮೇಲಿನ ಅಡ್ಡತೊಲೆಯಾದ ಲಿಂಟಲ್‌ನ ಕೆಳಗೆ, ತಾರಸಿ ಕೂರುವ ಕೊನೆಯ ವರಸೆ, ಬಾಗಿಲು ಕಿಟಕಿಗಳ ಎರಡೂ ಪಕ್ಕೆ. ಪಕ್ಕೆ ಪೊಳ್ಳು ಬಿಟ್ಟರೆ ಚೌಕಟ್ಟನ್ನು ಗೋಡೆಗೆ ಬಿಗಿಯುವ ಕಬ್ಬಿಣದ ಪಟ್ಟಿ (ಹೋಲ್ಡ್‌ಫಾಸ್ಟ್) ಹಿಡಿಯುವುದಿಲ್ಲ, ಬಾಗಿಲು ಬಡಿದು ಬಡಿದು ಎರಡೇ ವರ್ಷಕ್ಕೆ ಅಲುಗಾಡುತ್ತದೆ. ಭೂಕಂಪ ವಲಯ 3ರಲ್ಲಿ ಕಟ್ಟುವವರು ಮೂಲೆಯ ಪೊಳ್ಳಿನಲ್ಲಿ ಪಾಯದಿಂದ ತಾರಸಿವರೆಗೆ 12 ಮಿ.ಮೀ. ಸರಳು ನಿಲ್ಲಿಸಿ, ಮೂರು ನಾಲ್ಕು ವರಸೆಗೊಮ್ಮೆ ಸಣ್ಣ ಜಲ್ಲಿಯ ಕಾಂಕ್ರೀಟ್ ತುಂಬಬೇಕು. ಲಿಂಟಲ್‌ಗೂ ಇದೇ ಉಪಾಯ: ಅಂಚಿನ ಮೇಲೆ ನಿಂತ ಎರಡು ಸಾಲು ಇಟ್ಟಿಗೆಯೇ ಅಚ್ಚು, ನಡುವೆ ಒಂದೋ ಎರಡೋ ಸರಳು ಮತ್ತು ಕಾಂಕ್ರೀಟ್. ಬೇಕರ್ ತೋರಿಸಿಕೊಟ್ಟದ್ದೇ. ಸಣ್ಣ ಕಿಟಕಿಗೆ ಅದೂ ಬೇಡ, ಪ್ರತಿ ವರಸೆಯಲ್ಲೂ ಎರಡೂಕಾಲು ಇಂಚು ಮುಂದೆ ಚಾಚುತ್ತಾ ಹೋದರೆ ಎರಡು ಬದಿ ಮೇಲೆ ಕೂಡಿಕೊಳ್ಳುತ್ತವೆ.

ಗಾರೆಗುರು
ನಕ್ಷೆಯ ಹಂತ ಅಂತ ನಾನು ಹೇಳಿದ್ದು ಇದನ್ನೇ. ವರಸೆ 120 ಮಿ.ಮೀ. ಆದರೆ ಕಿಟಕಿಯ ತಳ 900ಕ್ಕೆ ಬರೆದವನು ಏಳೂವರೆ ವರಸೆ ಬರೆದ ಹಾಗಾಯಿತು. 2,100ರ ಲಿಂಟಲ್ ಹದಿನೇಳೂವರೆ. ಆ ಅರ್ಧ ವರಸೆಗೆ ಮೇಸ್ತ್ರಿ ಇಟ್ಟಿಗೆ ಒಡೆದು ತುಂಬುತ್ತಾನೆ, ಅಥವಾ ಅರವತ್ತು ಮಿ.ಮೀ. ಗಾರೆ ಮೆತ್ತುತ್ತಾನೆ. ಮಳೆ ಮೊದಲು ಒಳಗೆ ಬರುವುದು ಆ ಪಟ್ಟಿಯಿಂದಲೇ. 840 ಅಥವಾ 960, ಬಾಗಿಲಿಗೆ 2,160 ಎಂದು ಬರೆದರೆ ಏನೂ ಒಡೆಯಬೇಕಿಲ್ಲ. ಗಟ್ಟಿ ವರಸೆಗೆ ಇಟ್ಟಿಗೆ ಮಲಗಿಸುವುದಾದರೆ 85 ಬೇರೆ ಕೂಡಿಕೊಳ್ಳಿ, ಇಲ್ಲವೇ ನಿಂತ ವರಸೆಯ ಪೊಳ್ಳನ್ನೇ ಕಾಂಕ್ರೀಟಿನಲ್ಲಿ ತುಂಬಿ, ಲೆಕ್ಕ ಕೆಡುವುದಿಲ್ಲ. ಕೋಣೆಯ ಉದ್ದಕ್ಕೂ 325ರ ಲೆಕ್ಕ ಹಿಡಿಯಬೇಕು. ಹತ್ತಡಿ ಹನ್ನೆರಡಡಿ ಎಂದು ಕಣ್ಣುಮುಚ್ಚಿ ಬರೆಯುವ ನಕ್ಷೆಗೆ ಈ ಗೋಡೆ ಒಗ್ಗುವುದಿಲ್ಲ.

ಕರಾವಳಿ_ಕಲ್ಲು
ಮಳೆಯ ವಿಷಯ ಬಂದಿದ್ದರಿಂದ ಹೇಳುತ್ತೇನೆ. ತಿರುವನಂತಪುರದಲ್ಲಿ ವರ್ಷಕ್ಕೆ ಸುಮಾರು 1,800 ಮಿ.ಮೀ. ಮಳೆ. ಮಂಗಳೂರಿನಲ್ಲಿ ಅದರ ಎರಡರಷ್ಟು, ಅದೂ ಬಹುಪಾಲು ನಾಲ್ಕೇ ತಿಂಗಳಲ್ಲಿ, ನೈಋತ್ಯದಿಂದ ಅಡ್ಡಡ್ಡ ಬಡಿಯುತ್ತದೆ. ಬೇಕರ್ ಅಲ್ಲಿ ಗೆದ್ದರು ಅಂತ ಇಲ್ಲಿ 75 ಮಿ.ಮೀ. ಇಟ್ಟಿಗೆಯ ಮುಖ ಇಟ್ಟರೆ ಆಗಸ್ಟ್ ಹೊತ್ತಿಗೆ ಒಳಗೋಡೆ ಕಪ್ಪು. ನಮಗೆ ಮುರಕಲ್ಲು (ಜಂಬಿಟ್ಟಿಗೆ) ಇದೆ. ಸಿಗುವ ವಸ್ತುವಿನಲ್ಲಿ ಕಟ್ಟು ಎನ್ನುವುದೇ ಬೇಕರ್ ಮಾತಾದರೆ, ಕರಾವಳಿಯಲ್ಲಿ ಘಟ್ಟದ ಮೇಲಿಂದ ಇಟ್ಟಿಗೆ ಲಾರಿಯಲ್ಲಿ ತರಿಸುವುದೇ ಬೇಕರ್ ವಿರೋಧಿ ಕೆಲಸ!

ಗಾರೆಗುರು
ಒಪ್ಪಿದೆ, ಅರ್ಧ. ಬೇಕರ್ ಸೂರು ಚಾಚುತ್ತಿದ್ದರು. ಎರಡಡಿ, ಎರಡೂವರೆ ಅಡಿ ಸೂರಿನ ಕೆಳಗೆ ಒಂದಂತಸ್ತಿನ ಗೋಡೆ ನೆನೆಯುವುದು ತಳದ ಮೂರಡಿ ಮಾತ್ರ. ನಮ್ಮವರು ಪೆಟ್ಟಿಗೆಯ ಹಾಗೆ ಪ್ಯಾರಾಪೆಟ್ ಏರಿಸಿ, ಸೂರೇ ಇಲ್ಲದ ಮನೆಗೆ ಬೆತ್ತಲೆ ಇಟ್ಟಿಗೆ ಹಾಕಿ ಆಮೇಲೆ ಬೇಕರ್ ಅವರನ್ನು ಬೈಯುತ್ತಾರೆ. ಸಂದಿನ ಪಾಯಿಂಟಿಂಗ್ ಕೂಡ ಅಷ್ಟೇ ಮುಖ್ಯ: ಕಟ್ಟಿದ ದಿನವೇ ಗಾರೆ ಹಸಿಯಿದ್ದಾಗ 12 ಮಿ.ಮೀ. ಕೆರೆದು, ಆಮೇಲೆ ಸಣ್ಣಗೆ ಜರಡಿ ಹಿಡಿದ ಮರಳಿನ 1:3 ಗಾರೆಯನ್ನು ಒತ್ತಿ ತುಂಬಿ ಸರಳಿನಿಂದ ತಿಕ್ಕಬೇಕು. ಒಳಕ್ಕೆ ಸರಿದ ನುಣುಪು ಸಂದು ಫೋಟೋದಲ್ಲಿ ಚೆಂದ, ಆದರೆ ಕೆಳಗಿನ ಇಟ್ಟಿಗೆಯ ಮೇಲಂಚಿನಲ್ಲಿ ನೀರು ನಿಲ್ಲುತ್ತದೆ.

ಆದರೂ ಎರಡಂತಸ್ತಾದರೆ, ಮಳೆ ಬಡಿಯುವ ದಿಕ್ಕಿಗಾದರೆ ನಿಮ್ಮ ಮಾತೇ ಸರಿ. ಆಗುಂಬೆಯಲ್ಲಿ ನಾನೂ ಮಾಡಿಸಲಾರೆ.

ವೃತ್ತಲೇಖಿನಿ
ಬಾಗಿದ ಗೋಡೆಯ ಬಗ್ಗೆ. ವೃತ್ತ ಅಗ್ಗ ಎಂದು ಬೇಕರ್ ಹೇಳುತ್ತಿದ್ದುದು ಗಣಿತವಾಗಿ ಸರಿ. ನೂರು ಚದರ ಮೀಟರ್ ಸುತ್ತುವರಿಯಲು ಚೌಕಕ್ಕೆ 40 ಮೀಟರ್ ಗೋಡೆ ಬೇಕು, ವೃತ್ತಕ್ಕೆ 35.4. ಬಾಗಿದ ಗೋಡೆ ತನ್ನಷ್ಟಕ್ಕೇ ನಿಲ್ಲುವುದರಿಂದ ನಾಲ್ಕೂವರೆ ಇಂಚಿನದ್ದೂ ನಡೆಯುತ್ತದೆ. ತಿರುವನಂತಪುರದ ತಂಪಾನೂರಿನಲ್ಲಿ ಅವರು ಕಟ್ಟಿದ ಇಂಡಿಯನ್ ಕಾಫಿ ಹೌಸ್ ನೋಡಿ, ಮಧ್ಯದ ಕಂಬದಂಥ ಭಾಗದ ಸುತ್ತ ಏರುತ್ತಾ ಹೋಗುವ ಒಂದೇ ಇಳಿಜಾರು, ಮೇಜು ಕುರ್ಚಿಯೆಲ್ಲ ಕಟ್ಟಡದ್ದೇ ಭಾಗ, ಜಾಲಿಯಿಂದ ಗಾಳಿ.

ಆದರೆ ಬಾಗಿದ ಗೋಡೆಗೆ ರ್ಯಾಟ್ ಟ್ರ್ಯಾಪ್ ಹಾಕುವವರು ಮೊದಲು ಸಂದಿನ ಲೆಕ್ಕ ಮಾಡಿಕೊಳ್ಳಿ. ಒಳತ್ರಿಜ್ಯ 2 ಮೀಟರ್ ಆದರೆ ಹೊರಮುಖ ಶೇ. 11.5 ಉದ್ದ. ಒಳಗೆ 325 ಇದ್ದದ್ದು ಹೊರಗೆ 362. ಹೆಚ್ಚಾದ 37 ಮಿ.ಮೀ. ಎರಡು ಸಂದಿಗೆ ಹಂಚಿದರೆ ಒಂದೊಂದೂ 28 ಮಿ.ಮೀ. ಆಗುತ್ತದೆ. ಅದು ಬಿರಿಯುತ್ತದೆ, ನೀರೂ ಹೀರುತ್ತದೆ. 6 ಮೀಟರ್ ತ್ರಿಜ್ಯದಲ್ಲಿ ಸಂದು 16ಕ್ಕೆ ನಿಲ್ಲುತ್ತದೆ, ಸಹಿಸಬಹುದು. ಅದಕ್ಕಿಂತ ಬಿಗಿಯಾದ ತಿರುವಿಗೆ ಇಟ್ಟಿಗೆಯನ್ನು ಮಲಗಿಸಿ ಅಡ್ಡಡ್ಡಲಾಗಿಯೇ ಕಟ್ಟಿ. ಇನ್ನು, ದುಂಡು ಕೋಣೆಯಲ್ಲಿ ಗೋಡೆಯಲ್ಲಿ ಉಳಿಸಿದ್ದನ್ನು ಬೀರು, ಮಂಚ, ಅಡುಗೆಕಟ್ಟೆಯ ಬಡಗಿ ವಸೂಲಿ ಮಾಡುತ್ತಾನೆ ಎಂಬುದೂ ನೆನಪಿರಲಿ.

ಹಂಚಿನಮನೆ
"ಪೊಳ್ಳು ಗೋಡೆ, ಆದ್ದರಿಂದ ತಂಪು" ಎಂಬ ಪ್ರಚಾರ ಸ್ವಲ್ಪ ಅತಿಯಾಯಿತು. ಗೋಡೆಯ ಉದ್ದದಲ್ಲಿ ಸುಮಾರು ಕಾಲುಭಾಗ ಅಡ್ಡ ಇಟ್ಟಿಗೆಯೇ, ಅಲ್ಲಿ ಪೊಳ್ಳಿಲ್ಲ. ಉಳಿದ ಕಡೆಯ ಗಾಳಿಪದರ ಸೇರಿಸಿ ಲೆಕ್ಕ ಹಾಕಿದರೆ ಶಾಖದ ಹರಿವು ಇಳಿಯುವುದು ಶೇ. 10-12. ಒಳ್ಳೆಯದೇ, ಆದರೆ ಫ್ಯಾನು ತೆಗೆದಿಡುವಷ್ಟಲ್ಲ. ಉಳ್ಳೂರಿನ ಆವರಣ ತಂಪಾಗಿರುವುದು ಮರಗಳಿಂದ, ಜಾಲಿಯಿಂದ, ಅಂಗಳಗಳಿಂದ. ಅಲ್ಲಿನ ಕಂಪ್ಯೂಟರ್ ಕೇಂದ್ರಕ್ಕೆ ಹವಾನಿಯಂತ್ರಣ ಬೇಕಿತ್ತು, ಅದಕ್ಕೆ ಬೇಕರ್ ಒಳಗೊಂದು ಮುಚ್ಚಿದ ಗೋಡೆ, ಹೊರಗೆ ಒಂದಕ್ಕೊಂದು ಹೆಣೆದ ದುಂಡು ಜಾಲಿಗಳ ಇನ್ನೊಂದು ಗೋಡೆ ಕೊಟ್ಟರು. ಬಿಸಿಲು ಹೊರಗಿನ ಜಾಲಿಯಲ್ಲೇ ನಿಲ್ಲುತ್ತದೆ.

ಒಂದಂತಸ್ತಿನ ಮನೆಗೆ ಬಿಸಿ ಬರುವುದು ಮುಖ್ಯವಾಗಿ ಮೇಲಿಂದ. ಹಾಗಾಗಿ ಫಿಲ್ಲರ್ ಸ್ಲ್ಯಾಬ್, ಅಂದರೆ ಒಳಗೆ ಹಂಚು ಇಟ್ಟು ಹಾಕುವ ಕಾಂಕ್ರೀಟ್ ತಾರಸಿಯ ಬಗ್ಗೆ ಹೆಚ್ಚು ಮಾತಾಡಬೇಕು. ತಾರಸಿ ಬಾಗುವಾಗ ಮೇಲ್ಭಾಗ ಒತ್ತಡ ಹೊರುತ್ತದೆ, ಕೆಳಭಾಗದ ಎಳೆತವನ್ನು ಸರಳು ಹೊರುತ್ತದೆ. ಸರಳುಗಳ ನಡುವೆ ಕೆಳಗಿರುವ ಕಾಂಕ್ರೀಟ್ ತನ್ನ ಭಾರ ಬಿಟ್ಟು ಬೇರೇನೂ ಹೊರುವುದಿಲ್ಲ. ಅದನ್ನು ತೆಗೆದು ಹಂಚು ಇಡುವುದಷ್ಟೇ ಇದು. ಮಂಗಳೂರು ಹಂಚು ಸುಮಾರು 410 × 235 ಮಿ.ಮೀ., ಎರಡನ್ನು ಮೇಲೆ ಕೆಳಗೆ ಜೋಡಿಸಿದರೆ ನಡುವೆ ಗಾಳಿಯ ಪೊಟರೆ. ಹೊಸ ಹಂಚು ಬೇಕಿಲ್ಲ. ಹಳೆ ಮನೆ ಕೆಡವಿದಲ್ಲಿ ಸಿಗುವುದೇ ಒಳ್ಳೆಯದು, ಸೋರುವ ಕೂದಲೆಳೆ ಬಿರುಕಿನದ್ದೂ ಇಲ್ಲಿ ನಡೆಯುತ್ತದೆ.

ಕ್ರಮ ಹೀಗೆ. ಸೆಂಟ್ರಿಂಗ್ ಹಲಗೆಯ ಮೇಲೆ ಚಾಕ್‌ನಲ್ಲಿ ಚೌಕ ಎಳೆಯಿರಿ. ಎರಡು ಹಂಚಿನ ಜೋಡಿಗಳ ನಡುವಿನ ಪಟ್ಟಿ 100 ಮಿ.ಮೀ. ಇರಲಿ. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಪ್ರಕಾರ ಇಂಥ ಪಕ್ಕೆಲುಬು 65ಕ್ಕಿಂತ ಕಿರಿದಾಗಬಾರದು, ಆದರೆ 65ರಲ್ಲಿ ಸರಳೂ ಪೈಪೂ ಸೇರಿದರೆ ಜಲ್ಲಿಗೆ ಜಾಗ ಉಳಿಯುವುದಿಲ್ಲ. ಹಂಚನ್ನು ರಾತ್ರಿಯಿಡೀ ನೆನೆಸಿ, ಒಣಹಂಚು ಕಾಂಕ್ರೀಟಿನ ನೀರು ಕುಡಿದು ಸುತ್ತಲೂ ಪುಡಿಪುಡಿ ಮಾಡುತ್ತದೆ. ಜೋಡಿಯ ಅಂಚನ್ನು ಗಾರೆಯಲ್ಲಿ ಮೊದಲೇ ಮುಚ್ಚಿ, ಇಲ್ಲದಿದ್ದರೆ ಕಾಂಕ್ರೀಟಿನ ಹಾಲು ಒಳಗೆ ತುಂಬಿ ಪೊಟರೆಯೇ ಇರುವುದಿಲ್ಲ. ಹಂಚಿನ ಮೇಲೆ ಕನಿಷ್ಠ 50 ಮಿ.ಮೀ. ಕಾಂಕ್ರೀಟ್ ಬರಲೇಬೇಕು. ಗೋಡೆ ಮತ್ತು ತೊಲೆಯ ಪಕ್ಕ ಒಂದಡಿ ಹಂಚು ಬೇಡ, ಅಲ್ಲಿ ಕತ್ತರಿಸುವ ಬಲ ಹೆಚ್ಚು. ಹೊರಚಾಚಿದ ಸಜ್ಜ, ಬಾಲ್ಕನಿಯಲ್ಲಂತೂ ಎಳೆತ ಮೇಲ್ಗಡೆ ಇರುತ್ತದೆ. ಕೆಳಗೆ ಹಂಚಿಟ್ಟರೆ ಒತ್ತಡ ಹೊರಬೇಕಾದ ಕಾಂಕ್ರೀಟನ್ನೇ ತೆಗೆದಂತಾಯಿತು.

ಕಾಂಕ್ರೀಟ್‌ನಲ್ಲಿ ಶೇ. 20ರ ಆಸುಪಾಸು ಉಳಿಯುತ್ತದೆ. ಕಬ್ಬಿಣ ಅಷ್ಟೇ ಉಳಿಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ತಾರಸಿಯ ತೂಕ ಇಳಿದಷ್ಟು ಸ್ವಲ್ಪ ಇಳಿಯುತ್ತದೆ, ಅದನ್ನು ಎಂಜಿನಿಯರ್ ಲೆಕ್ಕ ಹಾಕಿ ಹೇಳಬೇಕು.

ಸೆಂಟ್ರಿಂಗ್_ಶೆಟ್ಟಿ
ಹೆಚ್ಚು ಕೆಡುವುದು ಕಾಂಕ್ರೀಟ್ ಹಾಕುವ ದಿನ. ಬಾಂಡ್ಲಿ ಹೊತ್ತವರು ಹಂಚಿನ ಮೇಲೆ ಕಾಲಿಡುತ್ತಾರೆ, ಮೇಲಿನದ್ದು ಒಡೆಯುತ್ತದೆ, ಹೊಂಡ ಕಾಂಕ್ರೀಟಿನಿಂದ ತುಂಬುತ್ತದೆ. ಓಡಾಡಲು ಸರಳಿನ ಮೇಲೆ ಹಲಗೆ ಹಾಸಿ. ಹತ್ತು ಹದಿನೈದು ಜೋಡಿ ಹಂಚು ಪಕ್ಕದಲ್ಲಿರಲಿ, ಒಡೆದದ್ದನ್ನು ಆಗಲೇ ಬದಲಿಸಬೇಕು. ವೈಬ್ರೇಟರ್ ಸೂಜಿ ಹಂಚಿಗೆ ತಾಗಿದರೆ ಅದು ಜಾರಿ ಸರಳಿಗೆ ಒರಗುತ್ತದೆ, ಸರಳಿನ ಹೊದಿಕೆ ಹೋಗುತ್ತದೆ. ಪಟ್ಟಿಯಲ್ಲಿ ಮಾತ್ರ ಸೂಜಿ ಇಳಿಸಿ. ಫ್ಯಾನಿನ ಕೊಕ್ಕೆ ಪೆಟ್ಟಿಗೆ ಪಟ್ಟಿಗಳು ಕೂಡುವ ಜಾಗಕ್ಕೆ ಬರಬೇಕು. ಕೋಣೆಯ ನಡುಮಧ್ಯಕ್ಕೆ ಹಂಚು ಬಿದ್ದರೆ ಇಡೀ ಚೌಕವನ್ನೇ ಸರಿಸಿ ಎಳೆಯಿರಿ.

ಸಜ್ಜ
ಜಾಲಿಗೆ ಸೊಳ್ಳೆ ಪರದೆ?

ಇಟ್ಟಿಗೆಗೂಡು
ಒಳಬದಿಗೆ ಚೌಕಟ್ಟು ಕೂರಿಸಿ ತೆಗೆಯಲು ಬರುವಂತೆ ಬಲೆ ಹಾಕಬೇಕು. ಹಾಕಿದರೆ ಗಾಳಿ ಎದ್ದು ಕಾಣುವಷ್ಟು ಇಳಿಯುತ್ತದೆ, ಧೂಳು ಬಲೆಗೆ ಹತ್ತುತ್ತದೆ, ತಿಂಗಳಿಗೊಮ್ಮೆ ತೊಳೆಯಬೇಕು. ಮಲಗುವ ಕೋಣೆಗೆ ಜಾಲಿ ಬೇಡವೇ ಬೇಡ. ಮೆಟ್ಟಿಲು, ಪಡಸಾಲೆ, ಅಡುಗೆಮನೆಯ ಹಿತ್ತಲ ಗೋಡೆಗೆ ಹಾಕಿ. ಬೆಂಗಳೂರಿನ ರಸ್ತೆ ಬದಿಯಾದರೆ ಧೂಳಿನ ಜತೆ ಸದ್ದೂ ಉಚಿತ.

ಮಣ್ಣುಪ್ರೆಸ್
ಬೆಂಗಳೂರಿನವರಿಗೆ ಒಂದು ಮಾತು. ಇಟ್ಟಿಗೆ ಗುಣಮಟ್ಟ ಇಷ್ಟು ಕಾಡುವುದಾದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ, ಹಳ್ಳಿಗಳಿಗೆ ತಂತ್ರಜ್ಞಾನ ರೂಪಿಸುವ ಅಸ್ತ್ರ ಕೇಂದ್ರದಿಂದ ಬಂದ ದಾರಿಯಿದೆ. ಕೆ.ಎಸ್. ಜಗದೀಶ್ ಮತ್ತು ಜೊತೆಗಾರರು ಬೆಳೆಸಿದ ಒತ್ತುಮಣ್ಣಿನ ಇಟ್ಟಿಗೆ, 305 × 143 × 100ರ ಅಳತೆ, ಸಿಮೆಂಟ್ ಶೇ. 6ರಿಂದ 8, ಒಂದರ ತೂಕ ಸುಮಾರು ಎಂಟು ಕಿಲೊ. ಕೈಪ್ರೆಸ್‌ನಲ್ಲಿ ಒತ್ತುವುದರಿಂದ ಅಳತೆ ಹೆಚ್ಚುಕಡಿಮೆ ಆಗುವುದಿಲ್ಲ, ಸುಡುವ ಸೌದೆಯೂ ಬೇಡ. ಕಪ್ಪುಮಣ್ಣಿಗೆ ಆಗದು, ಜೇಡಿ ಹೆಚ್ಚಾದರೆ ಮರಳು ಬೆರೆಸಬೇಕು, ಮೂರು ವಾರ ನೀರು ಹಾಕಿ ನೆರಳಲ್ಲಿಡಬೇಕು. ಅವಸರ ಮಾಡಿದವರ ಗೋಡೆ ಮೊದಲ ಮಳೆಗೇ ಮೂಲೆ ಉದುರಿಸುತ್ತದೆ.

ಅದೇ ಕಾಲದಲ್ಲಿ ಬನ್ನೇರುಘಟ್ಟ ರಸ್ತೆಯ ಐಐಎಂನಲ್ಲಿ ವಾಸ್ತುಶಿಲ್ಪಿ ಬಿ.ವಿ. ದೋಶಿ ಇಟ್ಟಿಗೆಯ ತಂಟೆಗೇ ಹೋಗದೆ ಗ್ರಾನೈಟ್ ಹಿಡಿದರು. ಊರಿನ ಕಲ್ಲು ಊರಿನ ಕಟ್ಟಡಕ್ಕೆ. ಬೇಕರ್ ಪಾಠ ಅಲ್ಲಿ ಹೆಚ್ಚು ಕಾಣುತ್ತದೆ ಅಂದರೆ ಕೆಲವರಿಗೆ ಸಿಟ್ಟು ಬರಬಹುದು.

ಗಾರೆಗುರು
ಸಿಟ್ಟೇನಿಲ್ಲ. ಆದರೆ ದೋಶಿಯವರ ಹಿಂದೆ ದೊಡ್ಡ ಸಂಸ್ಥೆಯ ಹಣವಿತ್ತು, ಬೇಕರ್ ಲೆಕ್ಕ ಗುಡಿಸಲಿನವನದ್ದು.

ಗುತ್ತಿಗೆಯ ವಿಷಯ ಯಾರೂ ಎತ್ತಲಿಲ್ಲ. ಬೇಕರ್ ಮೇಸ್ತ್ರಿಗಳ ಜತೆ ನೇರವಾಗಿ, ಕಟ್ಟುವ ಜಾಗದಲ್ಲೇ ನಿಂತು ಕೆಲಸ ಮಾಡಿದವರು. ಇಲ್ಲಿ ಗುತ್ತಿಗೆ ಚದರದ ಲೆಕ್ಕದಲ್ಲಿ, ಸಾಮಾನು ಸೇರಿಸಿ. ಇಟ್ಟಿಗೆ ಉಳಿದರೆ ಗುತ್ತಿಗೆದಾರನಿಗೆ ಲಾಭ, ಕೆಲಸ ನಿಧಾನವಾದರೆ ಅವನಿಗೆ ನಷ್ಟ. ಮರದ ಪಟ್ಟಿ ಇಟ್ಟು ಗಾರೆ ಹಾಕು ಎಂದರೆ ಯಾಕೆ ಹಾಕುತ್ತಾನೆ? ಸಾಮಾನು ನಿಮ್ಮದಾಗಿರಲಿ, ಕೂಲಿ ಮಾತ್ರ ಗೋಡೆಯ ಅಳತೆಗೆ ಕೊಡಿ, ಮಾಮೂಲಿ ಗೋಡೆಗಿಂತ ಸ್ವಲ್ಪ ಹೆಚ್ಚೇ ಕೊಡಿ. ದಿನಕ್ಕೆ ಎಂಟು ವರಸೆಗಿಂತ ಮೇಲೆ ಏರಲು ಬಿಡಬೇಡಿ.

ತೂಗುಗುಂಡು
ಮಾತು ಮುಗಿಸುವ ಮೊದಲು ಕರಾರಿನಲ್ಲಿ ಬರೆಸಬೇಕಾದದ್ದು ಒಂದು: ಮಾದರಿ ಗೋಡೆ. ಒಂದೂವರೆ ಮೀಟರ್ ಉದ್ದ, ಎಂಟು ವರಸೆ, ಒಂದು ಮೂಲೆ ಮತ್ತು ಒಂದು ಕಿಟಕಿ ಪಕ್ಕೆ ಸೇರಿ. ಎರಡನೆಯ ವರಸೆಯಲ್ಲಿ ಒಂದು ಇಟ್ಟಿಗೆಯನ್ನು ಗಾರೆಯಿಲ್ಲದೆ ಕೂರಿಸಿ. ಮರುದಿನ ಅದನ್ನು ಎಳೆದು ಟಾರ್ಚ್ ಬಿಡಿ. ತಳದಲ್ಲಿ ಒಂದು ಹಿಡಿ ಗಾರೆ ಬಿದ್ದಿದ್ದರೆ ಚಿಂತೆಯಿಲ್ಲ, ಬಾಂಡ್ಲಿಯಷ್ಟಿದ್ದರೆ ಬೇರೆ ಮೇಸ್ತ್ರಿ ನೋಡಿ. ಆಮೇಲೆ ಹೊರಮುಖಕ್ಕೆ ಅರ್ಧ ಗಂಟೆ ಪೈಪಿನಲ್ಲಿ ನೀರು ಹೊಡೆಯಿರಿ, ಒಳಮುಖದಲ್ಲಿ ಯಾವ ಸಂದು ಮೊದಲು ಒದ್ದೆಯಾಯಿತು ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ. ಬಹುತೇಕ ಅದು ಅಡ್ಡ ಇಟ್ಟಿಗೆಯ ಪಕ್ಕದ ನಿಲುಸಂದು ಆಗಿರುತ್ತದೆ, ಯಾಕೆಂದರೆ ಅಲ್ಲಿ ಗಾರೆಯನ್ನು ಇಟ್ಟಿಗೆಗೆ ಮೊದಲೇ ಮೆತ್ತಿ ಕೂರಿಸದೆ ಮೇಲಿಂದ ತುರುಕುತ್ತಾರೆ.